ಕಾದಂಬರಿಯದೆಂದು ಹೇಳಿದ ಕನಸು

ಮಾರ್ಚ್ ೧೧, ಮಂಗಳವಾರ

ಅದೇ ಕನಸು, ಈ ವಾರ ಮೂರನೆಯ ಸಲ. ಇವರು ನನ್ನನ್ನು ಬಿಟ್ಟು ಹೊರಟಿದ್ದಾರೆ; ನಾನು ಇವರ ಅಂಗಿಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದೇನೆ. ಹೋಗಬೇಡಿ ಎನ್ನಲು ಬಾಯಿಯೇ ಬರುವುದಿಲ್ಲ.

ಆರು ವರ್ಷದವಳಿದ್ದಾಗ ಅಮ್ಮ ನನ್ನನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ಹೋದಳು. ಅವಳ ಚಪ್ಪಲಿಯನ್ನು ನಾನೇ ತಂದುಕೊಟ್ಟಿದ್ದೆ. ಅತ್ತರೆ ಮತ್ತೆ ಬರುವುದಿಲ್ಲ ಎಂದಿದ್ದಳು. ಅಳಲಿಲ್ಲ. ಆದರೂ ಬರಲಿಲ್ಲ.

ಇವರಿಗೆ ದೂರದ ಶಾಖೆಗೆ ವರ್ಗವಾಗಿದೆ. ಒಬ್ಬರೇ ಹೋಗುತ್ತಾರಂತೆ. ಒಪ್ಪಿಗೆ ಬರೆದುಕೊಡಲು ನಾಳೆ ಕಡೆಯ ದಿನ. ನಾನು ಬೇಡವೆಂದರೆ ಉಳಿದಾರೇನೋ. ಊಟಕ್ಕೆ ಕೂತಾಗ ಕನಸನ್ನು ಹೇಳಿಯೇಬಿಡೋಣವೆಂದು ಬಾಯಿ ತೆರೆದೆ. ಬಂದದ್ದು ಮಾತ್ರ, "ನಾನು ಓದ್ತಿರೋ ಕಾದಂಬರೀಲಿ ಒಬ್ಬಳಿದಾಳೆ" ಎಂದು. ಉಳಿದದ್ದನ್ನು ಇದ್ದಂತೆ ಹೇಳಿದೆ.

ಗಮನವಿಟ್ಟೇ ಕೇಳಿದರು. "ಅವಳಿಗೆ ಗಂಡ ಬೇಡವಾಗಿದಾನೆ ಕಣೇ, ಅಷ್ಟೇ. ಬೇಕಿದ್ರೆ ಕೈ ಹಿಡಿದು ನಿಲ್ಲಿಸ್ತಿರಲಿಲ್ವಾ?"

"ಅವಳಿಗೆ ಹೇಳೋಕೆ ಬರಲ್ಲ."

"ಹಾಗಂತ ಪುಸ್ತಕದಲ್ಲಿದೆಯಾ?"

ಇಲ್ಲ ಎಂದೆ. ಅನುವಾದ ಸರಿಯಿಲ್ಲವೇನೋ ಎಂದೂ ಸೇರಿಸಿದೆ.

ಕೈ ತೊಳೆದು ಬಂದವರು ಒಪ್ಪಿಗೆ ಪತ್ರ ಬರೆಯಲು ಕೂತರು. ಪೆನ್ನು ಕೇಳಿದರು. ಈ ದಿನಚರಿಯೊಳಗಿದ್ದದ್ದನ್ನೇ ತೆಗೆದು, ಮುಚ್ಚಳ ಬಿಚ್ಚಿ ಕೊಟ್ಟೆ. ಇನ್ನೂ ಹಿಂದಿರುಗಿಸಿಲ್ಲ. ಇದನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ, ಮೊನೆಯೂ ಮುರಿಯುವ ಹಾಗಿದೆ, ಇನ್ನು—