ಗೋರಿಯ ತೋಟದ ಬಾಗಿಲಲ್ಲಿ ನಿಲ್ಲದ ಗಾಡಿ

ರಾಜಧಾನಿಯ ಗೋರಿ, ಗುಂಬಜು, ಕೋಟೆಗಳನ್ನು ಕಾಯುವ ಮಾನ್ಯರೇ,

ನಿಮ್ಮ ಬಾಗಿಲಲ್ಲಿ ನನ್ನ ಗಾಡಿಯನ್ನು ನಿಲ್ಲಿಸಗೊಡಲಿಲ್ಲ. ನನ್ನ ಹೆಂಡತಿ ಕಲ್ಯಾಣಮ್ಮ ಸತ್ತಳು. ವಿಷಯ ಇಷ್ಟೇ. ಉದ್ದನೆಯ ಅರ್ಜಿಗಳಿಗೆ ನಿಮ್ಮ ಕಚೇರಿಯಲ್ಲಿ ಮರ್ಯಾದೆ ಹೆಚ್ಚೆಂದು ಕೇಳಿ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ನಾನು ಸಿಂಧನೂರಿನ ಬಟ್ಟೆ ವ್ಯಾಪಾರಿ. ಅವಳಿಗೆ ಎದೆಯ ಬೇನೆ. ಹೆಚ್ಚು ಹೊತ್ತು ಕೂರಲಾಗುತ್ತಿರಲಿಲ್ಲ. ಆದರೂ ನಮ್ಮ ರಾಜಧಾನಿ ಹೈದರಾಬಾದನ್ನೊಮ್ಮೆ ನೋಡುವ ಆಸೆ. ಹಳೆಯ ಮಿಲಿಟರಿ ಲಾರಿಗೆ ತಗಡಿನ ಮಾಡು ಹಾಕಿಸಿ, ಒಳಗೆ ಮಂಚ, ಒಲೆ, ನೀರಿನ ಹಂಡೆ ಇಡಿಸಿದೆ. ಚಕ್ರದ ಮೇಲೊಂದು ಮನೆ. ಊರವರು ನಕ್ಕರು, ಅವಳೂ ನಕ್ಕಳು.

ನಮ್ಮವರ ಪದ್ಧತಿ ನಿಮಗೆ ತಿಳಿದಿರಬೇಕು, ಇಲ್ಲದಿದ್ದರೆ ತಿಳಿದುಕೊಳ್ಳಿ. ಹೊಸದಾಗಿ ಸೇದಿದ ನೀರಿನಲ್ಲಿ ಮಿಂದು, ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅವಳು ಹನಿ ನೀರನ್ನೂ ಬಾಯಿಗೆ ಬಿಡುತ್ತಿರಲಿಲ್ಲ. ಓಡುವ ಗಾಡಿಯಲ್ಲಿ ಆ ಪೂಜೆ ಆಗದು. ಅಂಗೈಯಿಂದ ಲಿಂಗ ಜಾರಿದರೆ ಬದುಕಿಯೂ ಪ್ರಯೋಜನವಿಲ್ಲ ಎಂದು ನಂಬಿದವಳು. ಮೊದಲ ಮುಂಜಾನೆ ಮಸ್ಕಿಯಲ್ಲಿ ನಿಲ್ಲಿಸಿದೆವು. ಅಲ್ಲಿಯೂ ಒಬ್ಬ ಚಕ್ರವರ್ತಿ ಬರೆಸಿದ ಬಂಡೆಯಿದೆ, ಮಾನ್ಯರೇ. ಆ ಗುಡ್ಡದ ಬುಡದಲ್ಲಿ ಕುರಿಗಳು ಯಾರ ಅಪ್ಪಣೆಯೂ ಇಲ್ಲದೆ ಮಲಗುತ್ತವೆ. ಕುರಿ ಕಾಯುವ ಗ್ಯಾನಮ್ಮ ಎಂಬಾಕೆ, ನಾವು ಕೇಳದಿದ್ದರೂ, ಕೊಡ ನೀರು ಸೇದಿ ತಂದಿಟ್ಟಳು. "ಪೂಜಿ ಮಾಡ್ಕೊ ಯವ್ವಾ, ಅವಸರ ಮಾಡಬ್ಯಾಡ. ಕುರಿ ಆಕಡಿ ಹೊಡೀತೀನಿ," ಎಂದಳು. ಲಿಂಗಸುಗೂರಿನ ಅವಳ ತವರಿನಲ್ಲಿ ಉಳಿದು ಮುಂದೆ ಹೊರಟೆವು.

ಹೈದರಾಬಾದು ತಲುಪಿದಾಗ ಬೆಳಗಾಗಿತ್ತು, ಬೇಸಿಗೆಯ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹಳೆಯ ದೊರೆಯೊಬ್ಬನ ಗೋರಿಯ ತೋಟದಲ್ಲಿ ಬಾವಿ ಕಂಡಿತು, ಬಾಗಿಲಲ್ಲಿ ಬೇವಿನ ನೆರಳಿತ್ತು. ನಿಮ್ಮ ಕಾವಲುಗಾರ ಲಾರಿಯೊಳಗೆ ಇಣುಕಿ, ಒಲೆ ಕಂಡು, ಇದು ಮನೆ, ಸ್ಮಾರಕದ ಬಳಿ ಮನೆ ಹೂಡುವಂತಿಲ್ಲ ಎಂದ. ನಿಮ್ಮ ಕಚೇರಿಗೆ ಓಡಿದರೆ ಗುಮಾಸ್ತರು, ಇದು ಲಾರಿ, ಲಾರಿಗೆ ವಾಸದ ಪರವಾನಿಗೆ ಕೊಡಲಾಗದು ಎಂದರು. ಎಂಥ ಪಾಂಡಿತ್ಯ! ಮನೆಯೂ ಅಲ್ಲದ, ಗಾಡಿಯೂ ಅಲ್ಲದ ವಸ್ತುವಿನೊಳಗೆ ಬಾಯಾರಿ ಮಲಗಿದವಳು ಏನಾಗಿದ್ದಳು? ಓಣಿಯಲ್ಲಿ ನಿಲ್ಲಿಸಬಾರದಿತ್ತೇ ಎಂದು ನೀವು ಕೇಳಬಹುದು. ಓಣಿಗಳಲ್ಲಿ ಲಾರಿ ಹಿಡಿಯಲಿಲ್ಲ. ದೊಡ್ಡ ರಸ್ತೆಗಳಲ್ಲಿ ಸೀಟಿ ಊದಿ ಓಡಿಸಿದರು.

"ಹಂಡೇದಾಗಿನ ನೀರರ ಕುಡಿ," ಎಂದೆ.

"ಪೂಜಿ ಆಗ್ಲಿ, ಕುಡೀತೀನಿ. ಇಷ್ಟು ವರ್ಸ ಬಿಟ್ಟಿಲ್ಲ, ಇವತ್ತು ಬಿಡ್ಲೇನ್ರೀ?"

ನಡುಮಧ್ಯಾಹ್ನ ಚಾರ್‌ಮಿನಾರ್ ಕಂಡಿತು. ಕಿಟಕಿಯ ಪರದೆ ಸರಿಸಿದೆ. "ಚಲೋ ಕಟ್ಯಾರ್ರೀ. ಒಂದೀಟು ನಿಂದ್ರಸ್ರಿ," ಎಂದಳು. ಹಿಂದಿನಿಂದ ಮತ್ತೆ ಸೀಟಿ. ನಮ್ಮ ಚಾಲಕ ಮಹಮ್ಮದಸಾಬ ಗಾಡಿಯನ್ನು ಮುಂದಕ್ಕೆ ಬಿಟ್ಟ. ಸ್ವಲ್ಪ ದೂರ ಹೋಗಿ ಅವನೇ ಕೇಳಿದ: "ಸಾವ್ಕಾರ್ರ, ಅಮ್ಮಾರು ಯಾಕ ಮಾತಾಡವಲ್ರು?"

ಆಮೇಲೆ ಗಾಡಿ ನಿಂತಿತು. ಅದೇ ತೋಟದ ಬಾಗಿಲಲ್ಲಿ, ಅದೇ ಬೇವಿನ ಕೆಳಗೆ. ಹೆಣ ಇದೆ ಎಂದೊಡನೆ ನಿಮ್ಮ ಕಾವಲುಗಾರ ಬಾಗಿಲು ತೆರೆದ, ಬಾವಿಯ ನೀರನ್ನು ತಾನೇ ಸೇದಿ ಕೊಟ್ಟ. ನಿಮ್ಮ ಕಾಯಿದೆ ಸತ್ತವರಿಗೆ ಮಾತ್ರ ಸಡಿಲವೇ? ನಿಮ್ಮ ಊರಿನಲ್ಲಿಯೇ ಇರುವ ನಮ್ಮವರ ರುದ್ರಭೂಮಿಯಲ್ಲಿ, ಅಂಗೈಯಲ್ಲಿ ಲಿಂಗವಿಟ್ಟು ಅವಳನ್ನು ಮಣ್ಣು ಮಾಡಿದೆವು. ನನಗೆ ಅಳು ಬರಲಿಲ್ಲ. ಈಗಲೂ ಬರುತ್ತಿಲ್ಲ. ಉಣ್ಣುತ್ತೇನೆ, ಬಟ್ಟೆ ಅಳೆಯುತ್ತೇನೆ, ಗಿರಾಕಿ ಏನು ಕೇಳಿದನೆಂದು ಮತ್ತೊಮ್ಮೆ ಕೇಳುತ್ತೇನೆ.

ಬರುವ ನವೆಂಬರಿಗೆ ನಮ್ಮ ಜಿಲ್ಲೆ ಬೇರೆ ರಾಜ್ಯಕ್ಕೆ ಸೇರುತ್ತದಂತೆ, ನಮಗೆ ರಾಜಧಾನಿಯೂ ಬೇರೆಯಂತೆ. ಇನ್ನು ಇವನಿಗೂ ನಮಗೂ ಏನು ಸಂಬಂಧ ಎಂದು ಇದನ್ನು ಮೂಲೆಗೆ ಎಸೆಯಬೇಡಿ. ಬೇಡಿಕೆ ಒಂದೇ: ಆ ಬೇವಿನ ಕೆಳಗೆ, ಮನೆಯೋ ಗಾಡಿಯೋ ಎಂದು ವಿಚಾರಿಸದೆ, ಬಂದವರನ್ನು ಒಂದು ಪೂಜೆಯ ಹೊತ್ತು ನಿಲ್ಲಲು ಬಿಡಿ. ನನಗಾಗಿ ಕೇಳುತ್ತಿಲ್ಲ, ನಾನು ಇನ್ನು ಎಲ್ಲಿಗೂ ಹೊರಡುವವನಲ್ಲ. ನೀವು ಗಳಿಗೆ ಹೊತ್ತೂ ನಿಲ್ಲಗೊಡದ ಹೆಂಗಸು ಈಗ ನಿಮ್ಮ ಊರಿನಲ್ಲಿಯೇ, ನಿಮ್ಮ ಪರವಾನಿಗೆಯಿಲ್ಲದೆ ಇದ್ದಾಳೆ. ಅಲ್ಲಿಂದಲಾದರೂ ಅವಳನ್ನು ಎಬ್ಬಿಸಬೇಡಿ.

ಇಂತಿ,
ರಾಜಧಾನಿಯನ್ನು ಇಬ್ಬರಾಗಿ ನೋಡಲು ಹೋಗಿ ಒಬ್ಬನೇ ಬಂದ
ಬಸವಂತರಾಯ, ಸಿಂಧನೂರು