ನಾಲ್ಕು ಗಂಟೆಯ ಗಾಳಿ

ಚಿತ್ರದುರ್ಗ,
ಗಾಳಿತಿಂಗಳ ಮೂವತ್ನಾಲ್ಕನೇ ದಿನ, ಇಸವಿ ೨೨೦೭

ನನಗಿಂತ ಏಳೆಂಟು ತಲೆಮಾರು ಹಿಂದಿನ ಹಿರಿಯರೇ,

ತಾರೀಕು ನೋಡಿ ಹುಬ್ಬೇರಿಸಬೇಡಿ. ಆಷಾಢದ ಗಾಳಿ ಆಷಾಢಕ್ಕೇ ಮುಗಿಯದೆ ಹೋದಾಗ ನಮ್ಮವರು ಉಳಿದ ತಿಂಗಳುಗಳಿಂದ ಮೂರು ಮೂರು ದಿನ ಕಿತ್ತುಕೊಂಡು ಮೂವತ್ತಾರು ದಿನದ ಹದಿಮೂರನೇ ತಿಂಗಳೊಂದನ್ನು ಮಾಡಿಕೊಂಡರು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಇನ್ನು ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ.

ನಾನು ಕಾಟಮ್ಮ, ದುರ್ಗದ ತಂಡಕ್ಕೆ ಆಟಗಾರರನ್ನು ಕರೆತರುವ ಕೆಲಸದವಳು. ನಿಮ್ಮ ಕಾಲದಲ್ಲಿ ಅಮೆರಿಕದವರು ಹೆಲ್ಮೆಟ್ ಹಾಕಿಕೊಂಡು, ಕೋಳಿಮೊಟ್ಟೆ ಆಕಾರದ ಚೆಂಡು ಹಿಡಿದು ಆಡುತ್ತಿದ್ದರಲ್ಲ, ಆ ಫುಟ್‌ಬಾಲ್ ಈಗ ನೂರು ವರ್ಷದಿಂದ ನಮ್ಮ ಆಟವೂ ಹೌದು. ಚೆಂಡು ಎಸೆಯುವವನು ಎಸೆಗಾರ. ಅಂಚಿನಿಂದ ದೂರಕ್ಕೆ ಓಡಿ ಅದನ್ನು ಹಿಡಿಯುವವರು ದೂರಗೈ, ನೀವು ವೈಡ್ ರಿಸೀವರ್ ಅನ್ನುತ್ತಿದ್ದಿರಿ. ಕರಾರು ಮುಗಿದು, ಮನಸ್ಸು ಬಂದ ಊರಿಗೆ ಹೋಗಬಹುದಾದ ಆಟಗಾರರನ್ನು ಬಿಡಿಯಾಳು ಎಂದು ಕರೆಯುತ್ತೇವೆ.

ತಂಡದ ಹಳೇ ಪೆಟ್ಟಿಗೆಯಲ್ಲಿ ನಿಮ್ಮ ಕಾಲದ ಬರಹಗಳು ಸಿಕ್ಕವು. ಒಳ್ಳೆಯ ದೂರಗೈಗಳು ಬಿಡುವಾಗಿದ್ದರೂ ಕೆಲವು ತಂಡಗಳಿಗೆ ಯಾಕೆ ಬರುವುದಿಲ್ಲ ಎಂದು ಪುಟಗಟ್ಟಲೆ ತಲೆ ಕೆಡಿಸಿಕೊಂಡಿದ್ದೀರಿ. ಸೋಲುವ ತಂಡ, ಚಳಿಯ ಊರು, ಎಸೆಗಾರನ ತೋಳಿನಲ್ಲಿ ಕಸುವಿಲ್ಲ, ಬೇರೆಯವರು ಹೆಚ್ಚು ಕೊಡುತ್ತಾರೆ. ಓದಿ ನಗು ಬಂತು, ಯಾಕೆಂದರೆ ಹನ್ನೊಂದು ವರ್ಷ ನಾನೂ ಇಂಥ ನೆಪಗಳನ್ನೇ ಹೇಳಿದ್ದೆ. ಈಗ ಎಲ್ಲ ಊರಿನಲ್ಲೂ ಸಂಬಳ ಒಂದೇ. ನಮ್ಮ ಎಸೆಗಾರ ಬೋಸಯ್ಯನ ತೋಳಿಗೆ ಸಮನಾದ ತೋಳು ಈ ಸೀಮೆಯಲ್ಲಿಲ್ಲ. ಆದರೂ ದುರ್ಗಕ್ಕೆ ದೂರಗೈ ಇಲ್ಲ.

ನಮ್ಮಲ್ಲಿ ಬಿಡಿಯಾಳು ಊರು ನೋಡಲು ಬರುವುದೊಂದು ಶಾಸ್ತ್ರ, ನಿಮ್ಮಲ್ಲಿ ಹೆಣ್ಣು ನೋಡಲು ಬರುತ್ತಿದ್ದರಲ್ಲ, ಹಾಗೇ. ಮಂಡಕ್ಕಿ, ಮಿರ್ಚಿ ಕೊಟ್ಟು ಮೈದಾನ ತೋರಿಸುತ್ತೇವೆ. ದುರ್ಗದ ಗಾಳಿ ಎಂಥದೆಂದರೆ ಮಂಡಕ್ಕಿಯ ಮೇಲೆ ತಟ್ಟೆ ಮುಚ್ಚಿ, ಕೈ ತೂರಿಸಿ ತಿನ್ನಬೇಕು. ಹೆಂಗಸರು ಅಂಚಿಗೆ ಸಣ್ಣ ಕಲ್ಲುಮಣಿ ಹೊಲಿದ ತೂಕದ ಸೆರಗು ಹೊದೆಯುತ್ತಾರೆ. ಮಧ್ಯಾಹ್ನ ನಾಲ್ಕಾದರೆ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ನುಗ್ಗುವ ಗಾಳಿಗೆ ಎಸೆದ ಚೆಂಡು ಎತ್ತಲೋ ಹೋಗುತ್ತದೆ. ದಿನದಲ್ಲಿ ಗಾಳಿ ಸುಮ್ಮನಿರುವುದು ಬೆಳಿಗ್ಗೆ ಏಳರಿಂದ ಎಂಟರವರೆಗೆ ಮಾತ್ರ. ನಾನು ಬಂದವರಿಗೆಲ್ಲ ಮೈದಾನ ತೋರಿಸಿದ್ದು ಆ ಒಂದು ಗಂಟೆಯಲ್ಲೇ.

ಹೌದು, ನಾನೇ. ಬಂದವರು ಮರುಳಾಗಿ ಸಹಿ ಹಾಕುತ್ತಿದ್ದರು, ಮೊದಲ ಪಂದ್ಯ ನಾಲ್ಕು ಗಂಟೆಗೆ ಶುರುವಾದಾಗ ನನ್ನ ಮುಖ ನೋಡುತ್ತಿದ್ದರು, ಮೂರನೇ ವಾರಕ್ಕೆ ಗಂಟುಮೂಟೆ ಕಟ್ಟುತ್ತಿದ್ದರು. ಹೋದ ಕಡೆಯೆಲ್ಲ ದುರ್ಗದವರು ಮೋಸಗಾರರು ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ, ನನಗೆ ಉರಿದದ್ದೂ ಅದಕ್ಕೇ.

ಈ ವರ್ಷ ಆಟದ ಮಂಡಳಿ ಕಾಗದ ಕಳಿಸಿತು. ಗಾಳಿತಿಂಗಳ ಮೂವತ್ತನೇ ದಿನದೊಳಗೆ ಮೊದಲ ದರ್ಜೆಯ ದೂರಗೈ ಒಬ್ಬರಾದರೂ ಸಹಿ ಹಾಕದಿದ್ದರೆ ದುರ್ಗದ ಹೆಸರು ತಂಡಗಳ ಪಟ್ಟಿಯಿಂದ ಹೋಗುತ್ತದೆ. ಬೇಕಾದರೆ ರಾಜಧಾನಿಯ ಸೂರಿರುವ ಮೈದಾನಕ್ಕೆ ಹೋಗಿ ಆಡಿಕೊಳ್ಳಿ ಎಂದೂ ಬರೆದಿದ್ದರು. ನಮ್ಮ ಊರಿನ ಆಟವನ್ನು ಇನ್ನೊಂದು ಊರಿನ ಸೂರಿನಡಿ ಆಡಲು ನಮಗೇನು ಗತಿಗೆಟ್ಟಿದೆಯೇ? ಆಗುವುದಿಲ್ಲ ಎಂದು ಬರೆದು ಹಾಕಿದೆ.

ಆ ದರ್ಜೆಯ ದೂರಗೈಗಳಲ್ಲಿ ಉಳಿದಿದ್ದ ಬಿಡಿಯಾಳು ಒಬ್ಬಳೇ, ಹಳಿಯಾಳ ಕಡೆಯ ಮಾರ್ತಾ ಸಿದ್ದಿ. ಅವಳು ಬರುವ ದಿನವೂ ನಾನು ಏಳು ಗಂಟೆಗೇ ಮೈದಾನ ತೆಗೆಸಲು ಹೊರಟಿದ್ದೆ. ಬೋಸಯ್ಯ ಬಾಗಿಲಿಗೆ ಅಡ್ಡ ನಿಂತ.

“ಕಾಟಕ್ಕ, ಇನ್ನೆಷ್ಟು ದಿನ ಹಿಂಗೆ ಮೋಸ ಮಾಡಾದು? ಸಾಯಂಕಾಲ ಕರ್ಕಂಡ್ ಬಾ. ಹೋದ್ರೆ ಹೋಗ್ಲಿ.”

ನಾಲ್ಕಕ್ಕೆ ಕರೆದುಕೊಂಡು ಹೋದೆ. ಗಾಳಿ ಕಣ್ಣಿಗೇ ಕಾಣಲಿ ಎಂದು ತೂಕದ ಸೆರಗು ಬಿಟ್ಟು ಹಳೇ ಹತ್ತಿ ಸೀರೆ ಉಟ್ಟು ಅಂಚಿನಲ್ಲಿ ನಿಂತೆ. ಬೋಸಯ್ಯ ಹನ್ನೊಂದು ಸಲ ಎಸೆದ. ಹತ್ತು ಸಲವೂ ಚೆಂಡು ಅವಳಿಗೆ ಸಿಗಲಿಲ್ಲ, ಒಂದಂತೂ ನೇರ ಮೂಗಿಗೆ ಬಡಿಯಿತು. ಹನ್ನೊಂದನೆಯದಕ್ಕೆ ಅವಳು ಚೆಂಡಿನ ಕಡೆ ನೋಡುವುದನ್ನೇ ಬಿಟ್ಟು, ಪಟಪಟ ಹಾರುತ್ತಿದ್ದ ನನ್ನ ಸೆರಗು ನೋಡಿಕೊಂಡು ಅದು ತೋರಿಸಿದ ದಿಕ್ಕಿಗೆ ಓಡಿದಳು. ಚೆಂಡು ಬಂದು ಕೈಯಲ್ಲಿ ಕೂತಿತು. ನಾನು ಕಿರುಚಿದ್ದು ಕೋಟೆಯ ತನಕ ಕೇಳಿಸಿರಬೇಕು.

ಅವಳು ಮೂಗು ಒರೆಸಿಕೊಂಡು ಹತ್ತಿರ ಬಂದಳು.

“ಅಕ್ಕಾ, ನನ್ನ ಮೊಣಕಾಲಾಗ ಇನ್ನ ಎರಡ ವರ್ಷದ ಆಟ ಐತಿ. ಅದನ್ನ ಇಲ್ಲಿ ಕಳಕೊಳ್ಳಾಕ ಆಗಂಗಿಲ್ಲ. ಆದ್ರ ಇಷ್ಟ ಊರು ತಿರುಗೀನಿ, ತಮ್ಮ ಕೆಟ್ಟದ್ದನ್ನ ಮೊದಲ ತೋರಿಸಿದವ್ರು ನೀವ.”

ಸಹಿ ಹಾಕದೆ ಹೋದಳು. ಮೂವತ್ತನೇ ದಿನ ಸಂಜೆ ನಮ್ಮ ಹೆಸರೂ ಹೋಯಿತು. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನಿದೆ. ಬೋಸಯ್ಯ ಮಾತ್ರ ಮಾರನೇ ದಿನವೂ ನಾಲ್ಕಕ್ಕೆ ಹೋಗಿ ಗಾಳಿಗೆ ಎಸೆಯುತ್ತಿದ್ದ. ಎಸೆದದ್ದನ್ನು ತಾನೇ ಹೋಗಿ ಎತ್ತಿಕೊಂಡು ಬರುತ್ತಿದ್ದ.

ಇವತ್ತು ಬೆಳಿಗ್ಗೆ ಹುಬ್ಬಳ್ಳಿ ಬಸ್ಸಿನಿಂದ ಮೂವರು ದೂರಗೈಗಳು ಇಳಿದು ನೇರ ನಮ್ಮ ಮನೆಗೆ ಬಂದರು. ಮಂಡಳಿಯ ಲೆಕ್ಕದಲ್ಲಿ ಮೂವರಿಗೂ ಯಾವ ದರ್ಜೆಯೂ ಇಲ್ಲ. ಮಂಡಕ್ಕಿ ಮುಂದಿಟ್ಟೆ, ಯಾರೂ ಮುಟ್ಟಲಿಲ್ಲ. ಅವರಲ್ಲೊಬ್ಬರು ಕೇಳಿದರು.

“ಕಾಟಕ್ಕ ಅಂದ್ರ ನೀವೇನ್ರಿ? ಮಾರ್ತಾ ಕಳ್ಸ್ಯಾಳ. ಮೊದಲ ಗಾಳಿ ತೋರಿಸ್ರಿ.”

ಆಗಿನ್ನೂ ಏಳೂವರೆ. ಸಂಜೆ ನಾಲ್ಕರ ತನಕ ಕಾಯಬೇಕು ಎಂದೆ, ಕಾಯುತ್ತೇವೆ ಎಂದರು. ಈಗ ಪಡಸಾಲೆಯಲ್ಲಿ ಕೂತಿದ್ದಾರೆ, ನಾನು ಒಳಗೆ ಕೂತು ನಿಮಗೆ ಬರೆಯುತ್ತಿದ್ದೇನೆ.

ಪಟ್ಟಿ ಮಂಡಳಿಯ ಹತ್ತಿರವೇ ಇರಲಿ. ಚೆಂಡೂ ಮೈದಾನವೂ ನಮ್ಮ ಹತ್ತಿರ ಇವೆ, ಆಡುತ್ತೇವೆ. ತಾಕತ್ತಿದ್ದವರು ಬಂದು ನಿಲ್ಲಿಸಲಿ. ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಯಾರಾದರೂ ನಿಮ್ಮ ಊರಿಗೋ ಮನೆಗೋ ತಂಡಕ್ಕೋ ಸೇರಲು ಬಂದರೆ ಏಳು ಗಂಟೆಗೆ ಕರೆಯಬೇಡಿ, ನಾಲ್ಕಕ್ಕೆ ಕರೆಯಿರಿ. ಬರೆಯಲು ಇನ್ನೂ ಇತ್ತು, ಆದರೆ ಕಿಟಕಿ ಬಡಿಯಲು ಶುರುವಾಯಿತು. ಹಳೇ ಸೀರೆ ಹುಡುಕಿ ಉಟ್ಟುಕೊಳ್ಳಬೇಕು.

ನಿಮ್ಮ
ಕಾಟಮ್ಮ