ನಲವತ್ತೆಂಟು ಅಂಕಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ಗೈಡ್ 154 ಪುಟ ಆಯಿತು. ಇನ್ನು ವ್ಯಾಕರಣ ಮಾತ್ರ. ಲ್ಯಾಪ್‌ಟಾಪ್ ತೀರಾ ನಿಧಾನ. ಆನ್ ಮಾಡಿ, ಹಾಲು ಕಾಸಿ, ಕುಡಿದು ಬಂದರೂ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ.

ತಮಿಳುನಾಡಿನಲ್ಲಿ ಹತ್ತನೇ ತರಗತಿಯ ಕನ್ನಡ ಪೇಪರ್ ಬರೆಯುವ ಮಕ್ಕಳು ಎಷ್ಟು ಮಂದಿ? ಅಷ್ಟಕ್ಕೆ ಯಾರೂ ಗೈಡ್ ಅಚ್ಚು ಹಾಕುವುದಿಲ್ಲ. ಪಕ್ಕದ ಮನೆಯ ಮೇಘಳಿಗೆಂದು ನಾನೇ ಶುರು ಮಾಡಿದ್ದು. ಹೆಡ್‌ಮಾಸ್ಟರ್ ಷಡಕ್ಷರಿ ಸಾರ್ ನಾಲ್ಕು ಪುಟ ನೋಡಿ, "ಹದಿನೈದ್ರೊಳಗ ಕೊಡವ್ವ, ಎಲ್ಲಾ ಮಕ್ಕಳ್ಗೂ ಜೆರಾಕ್ಸ್ ಆಕ್ಸನ. ಜೂನಲ್ಲಿ ಪಿಟಿಎಯಿಂದ ಒಬ್ಬ ಟೀಚರ್ ತಕಬೇಕು. ನಿನ್ ಎಸ್ರು ಏಳಕ ನಂಗೂ ಒಂದ್ ಕಾರ್ಣ ಸಿಕ್ತದ" ಎಂದರು.

ಎಂ.ಎ. ಮುಗಿದು ಎರಡು ವರ್ಷ. ತಾಳವಾಡಿಯಲ್ಲಿ ನನ್ನ ಕನ್ನಡದಿಂದ ಏನಾದರೂ ಆದೀತು ಎಂದು ಒಬ್ಬರು ಹೇಳಿದ್ದು ಇದೇ ಮೊದಲು.

ಅದೇ ದಿನ, ಸಂಜೆ 4

ಕೆಡಿಸಿದೆ.

ಡಿಸ್ಕ್ ಮೋಡ್ ಬದಲಾಯಿಸಿದರೆ ಎರಡು ಪಟ್ಟು ವೇಗ ಎಂದು ಒಂದು ವಿಡಿಯೋ. ಸೆಟಪ್ ಒಳಗೆ ಹೋಗಿ ಅದು ಹೇಳಿದಂತೆಯೇ ಮಾಡಿದೆ. ನೀಲಿ ಪರದೆ — ಡಿಸ್ಕೇ ಸಿಗುತ್ತಿಲ್ಲವಂತೆ. ಹೆದರಿ ಎಲ್ಲವನ್ನೂ ಡೀಫಾಲ್ಟ್‌ಗೆ ತಂದೆ. ಅದು ಇನ್ನೊಂದು ತಪ್ಪು. ಈಗ ಡಿಸ್ಕ್‌ಗೆ ಬೀಗ. 48 ಅಂಕಿಯ ರಿಕವರಿ ಕೀ ಕೇಳುತ್ತಿದೆ. ಹೀಗೊಂದು ಬೀಗ ಇತ್ತೆಂದೇ ಗೊತ್ತಿರಲಿಲ್ಲ.

ಕೀ ಯಾರ ಅಕೌಂಟಿನಲ್ಲಿದೆ ಎಂದು ಕೆಳಗೆ ತೋರಿಸುತ್ತಿದೆ. ಮೇಲ್ ವಿಳಾಸದ ಮೊದಲ ಮೂರು ಅಕ್ಷರ, ಮಿಕ್ಕದ್ದು ಚುಕ್ಕಿ. ಎಂ, ಎ, ಡಿ.

ಮಧುಶ್ರೀ.

ಮಾರ್ಚ್ 4

ಮನೋಹರನ ಜೆರಾಕ್ಸ್ ಅಂಗಡಿಗೆ ಹೊತ್ತುಕೊಂಡು ಹೋದೆ. ನೋಡಿ, ಹಲ್ಲು ಕಿರಿದ.

"ಅಕ್ಕ, ಇದು ಫಾರ್ಮ್ಯಾಟ್ ಮಾಡುದ್ರ ಅರ್ಧ ಗಂಟ. ಒಸ ಲ್ಯಾಪ್‌ಟಾಪ್ ಆಗೋಯ್ತದ."

"ಒಳಗಿರೋದು?"

"ಒಳಗಿರದು ಓಯ್ತದ. ಕಾಪಿ ಇಲ್ವಾ? ಒಂದ್ ಪೆನ್‌ಡ್ರೈವು? ಯಾರ್ಗಾರ ಮೇಲು?"

ತಲೆಯಾಡಿಸಿದೆ. "ಓದಿರೋರೇ ಇಂಗ್ ಮಾಡುದ್ರ..." ಎಂದು ಗಿರಾಕಿಯ ಆಧಾರ್ ಕಾರ್ಡ್ ಕಡೆ ತಿರುಗಿದ.

ಕಾಪಿ ಯಾಕಿಲ್ಲ ಎಂದು ಇಲ್ಲಿ ಬರೆಯಬಹುದು. ಯಾರಿಗೂ ಕೊಡುವುದಿಲ್ಲ ಎಂದು ಶಪಥ ಮಾಡಿದ್ದೆ. ಎಂ.ಎ. ಕೊನೆಯ ವರ್ಷ, ದಿಂಬಂ ಘಾಟಿನ ಬಸ್ಸಿನ ಬಗ್ಗೆ ನಾನೊಂದು ಪ್ರಬಂಧ ಬರೆದಿದ್ದೆ. ಇಪ್ಪತ್ತೇಳು ತಿರುವು, ಕಿಟಕಿಗೆ ತಲೆ ಹಾಕಿದ ಹೆಂಗಸರು, ವಾಂತಿಗೆಂದು ಕಂಡಕ್ಟರು ಹಂಚುವ ಕವರುಗಳು. ವಿಭಾಗದ ಸಂಚಿಕೆಯಲ್ಲಿ ಬಂತು. ಕೆಳಗೆ ಮಧುಶ್ರೀಯ ಹೆಸರು. ನನ್ನ ರೂಂಮೇಟ್. ಎಲ್ಲರೂ ಅವಳನ್ನು ಹೊಗಳಿದರು, ನಾನು ಪಕ್ಕದಲ್ಲೇ ನಿಂತಿದ್ದೆ.

ಈ ಲ್ಯಾಪ್‌ಟಾಪ್ ತಂದ ದಿನ ನನಗೆ ಮೇಲ್ ಇರಲಿಲ್ಲ. "ನಂದೇ ಆಕನ ಬುಡು" ಎಂದು ಅವಳೇ ಎಲ್ಲ ಸೆಟ್ ಮಾಡಿದ್ದಳು. ಹಾಸ್ಟೆಲ್ ಬಿಟ್ಟ ಮೇಲೆ ಒಂದು ಮಾತೂ ಇಲ್ಲ.

ಮಾರ್ಚ್ 7

ಸತ್ಯಮಂಗಲಕ್ಕೆ ಹೋಗಿ ಬಂದೆ. ಸರ್ವೀಸ್ ಅಂಗಡಿಯವನು ತಮಿಳಿನಲ್ಲಿ ಹೇಳಿದ್ದೂ ಅಷ್ಟೇ — ಒಂದೋ ಕೀ, ಇಲ್ಲವೋ ಫಾರ್ಮ್ಯಾಟ್. "ಆ ಮೇಲ್ ಯಾರದು?" ಎಂದ. ಗೊತ್ತಿಲ್ಲ ಎಂದೆ.

ಬರುವಾಗ ದಿಂಬಂನಲ್ಲಿ ಟೀಗೆ ನಿಲ್ಲಿಸಿದರು. ಇಳಿಯಲಿಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪ್, ಕಾಯಿಲೆಯ ಮಗುವಿನ ಹಾಗೆ.

ಮಾರ್ಚ್ 11

ಷಡಕ್ಷರಿ ಸಾರ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. "ಎಲ್ಲಿಗ್ ಬಂತವ್ವ ಗೈಡು?"

"ತಿದ್ತಾ ಇವ್ನಿ, ಸಾರ್."

"ಜಾಸ್ತಿ ತಿದ್ಬ್ಯಾಡ. ನಮ್ ಮಕ್ಕ ಪಾಸಾಗ್ಬೇಕು, ಪಿಎಚ್‌ಡಿ ಅಲ್ಲ."

ನಕ್ಕೆ. ಕೆಟ್ಟಿದ್ದನ್ನು ಆಗಲೇ ಹೇಳಬಹುದಿತ್ತು.

ಮಾರ್ಚ್ 13

ಅವ್ವನಿಗೆ ಗೊತ್ತಾಯಿತು. "ಆ ಮಧು ತಾವ ಬೀಗದ ಕೈ ಅದ, ಅಷ್ಟೇ ತಾನೆ? ಕೇಳುದ್ರ ಮುಗೀತಲ್ಲ. ಅವ್ಳೇನ್ ನಿನ್ ಒಲ ಉತ್ಕಂಡಿದ್ದಾಳಾ?"

"ನಿಂಗ್ ಗೊತ್ತಾಗಲ್ಲ ಕಣವ್ವ."

"ಊಂ, ನಂಗೇನ್ ಗೊತ್ತಾದ್ದು. ಎಂ.ಎ. ಮಾಡ್ನಿಲ್ವಲ್ಲ."

ಮಾರ್ಚ್ 14, ಶುಕ್ರವಾರ

ಸಾರ್ ಫೋನು. ಎತ್ತಲಿಲ್ಲ. ಮತ್ತೆ ಬಂತು. ಫೋನ್ ಕವುಚಿ ಇಟ್ಟೆ. ನಾಳೆ ಗಡುವು.

ಮಾರ್ಚ್ 15, ಶನಿವಾರ. ಮಧ್ಯಾಹ್ನ 12

ಮಾಡಿದೆ. ಹಳೆಯ ನಂಬರೇ. ಎರಡನೇ ರಿಂಗಿಗೆ ಎತ್ತಿದಳು.

"ಲೇ ಶೈಲಾ! ಬದ್ಕಿದ್ದಯಾ? ನಾನೇ ಮಾಡನ ಅಂದ್ಕತಿದ್ದಿ. ಎರ್ಡ್ ದಪ ಮೆಸೇಜ್ ಆಕ್ದಿ, ನೀ ನೋಡ್ನೇ ಇಲ್ಲ. ಕೆಲ್ಸ ಸಿಕ್ಬುಡ್ತೇನೋ, ಬಿಜಿಯಾಗವಳ ಅಂತ ಸುಮ್ನಾದಿ."

ಅವಳಿಗೆ ನಮ್ಮ ಜಗಳ ಗೊತ್ತೇ ಇರಲಿಲ್ಲ.

ವಿಷಯ ಹೇಳಿದೆ. "ಅಷ್ಟೇನಾ? ತಡಿ." ಅಕೌಂಟ್ ತೆಗೆದಳು. ಕಳಿಸಿದ ಫೋಟೋ ಇಲ್ಲಿ ಇಳಿಯಲಿಲ್ಲ, ಇಂಟರ್ನೆಟ್ ಸಿಗಲಿಲ್ಲ. ಓದಿಯೇ ಹೇಳಿದಳು. ಆರಾರು ಅಂಕಿಯಂತೆ ಎಂಟು ಗುಂಪು. ಎರಡು ಸಲ ಲೈನ್ ಕಟ್ಟಾಯಿತು, ಎರಡೂ ಸಲ ಅವಳೇ ಮಾಡಿದಳು. ಹತ್ತು ನಿಮಿಷ. ತೆರೆದುಕೊಂಡಿತು. 154 ಪುಟ, ಇದ್ದ ಹಾಗೇ.

"ಓಪನ್ ಆಯ್ತಾ? ನಿನ್ ಬಸ್ಸಿನ್ ಪ್ರಬಂಧ ಇನ್ನೂ ಮಡಗಿವ್ನಿ ಕಣೆ. ನನ್ ಎಸ್ರಲ್ಲಿ ಬಂದಿದ್ದು ನಂಗೇ ನಾಚ್ಕ. ನೀನೇ ಅಲ್ವಾ, ನನ್ ಎಸ್ರು ಬ್ಯಾಡ, ನಿಂದೇ ಆಕು ಅಂತ ಅಟ ಮಾಡಿದ್ದು?"

ಹೌದು. ಹೇಳಿದ್ದೆ. ಎರಡು ಸಲ ಹೇಳಿದ್ದೆ. ಅವಳು ಮೂರನೇ ಸಲ ಕೇಳುತ್ತಾಳೆ ಎಂದುಕೊಂಡಿದ್ದೆ.

ಸಂಜೆ 5

ವ್ಯಾಕರಣ ಇಲ್ಲದಿದ್ದರೂ ಇರಲಿ ಎಂದು ಪೆನ್‌ಡ್ರೈವ್ ಹಿಡಿದು ಶಾಲೆಗೆ ಓಡಿದೆ. ಗೇಟಿನ ಒಳಗೆ ಯಾರೂ ಇಲ್ಲ. ಸಾರ್ ಒಬ್ಬರೇ ಹಾಲ್‌ಟಿಕೆಟ್ ಜೋಡಿಸುತ್ತಿದ್ದರು.

"ನಿನ್ನೆನೇ ಮಕ್ಕಳ್ಗ ಓದ್ಕಳಕ ರಜ ಕೊಟ್ಬುಟ್ಟಿ ಕಣವ್ವ. ಅದ್ಕೇ ಫೋನ್ ಮಾಡಿದ್ದು. ನೀ ಎತ್ನಿಲ್ಲ. ಹಳೇ ನೋಟ್ಸ್ ಒಂದಿತ್ತು, ಅದ್ನೇ ಜೆರಾಕ್ಸ್ ಆಕ್ಸಿ ಕೊಟ್ಟಿ."

"ಅದ್ರಲ್ಲಿ ಈ ವರ್ಸ ಸೇರ್ಸಿರೋ ಹೊಸ ಪದ್ಯ ಎರಡೂ ಇಲ್ಲ, ಸಾರ್."

"ಇಲ್ಲ. ಏನ್ ಮಾಡದು? ಈಗ ಎರ್ಡೆರ್ಡ್ ನೋಟ್ಸ್ ಕೊಟ್ರ ಮಕ್ಕ ಗಾಬ್ರಿ ಬಿದ್ದಾವು. ಮುಂದ್ಲ ವರ್ಸ ನೋಡನ."

ಕಂಪ್ಯೂಟರ್ ಕೆಟ್ಟಿತ್ತು ಎಂದು ಈಗಲಾದರೂ ಹೇಳಬಹುದಿತ್ತು. "ಸರಿ ಸಾರ್" ಎಂದೆ. ಜೂನಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರ್ಚ್ 22

ಮೇಘ ತನ್ನ ಮನೆಯ ಜಗುಲಿಯಲ್ಲಿ ಕೂತು ಹಳೆಯ ನೋಟ್ಸನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಾಳೆ. ನನ್ನ ಕಿಟಕಿಗೆ ಎಲ್ಲ ಕೇಳುತ್ತದೆ. ನನ್ನ ಗೈಡಿನ ಒಂದು ಕಾಪಿ ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ. ಮೇಜಿನ ಮೇಲೇ ಇದೆ. ಬಂದು ಕೇಳಿದರೆ ಕೊಡುತ್ತೇನೆ. ಈಚೆಗೆ ನನ್ನ ಹತ್ತಿರ ಪಾಠಕ್ಕೂ ಬರುತ್ತಿಲ್ಲ — ಆ ನೋಟ್ಸೇ ಸಾಕಾಗಿರಬೇಕು.

ಮಧುಶ್ರೀಯ ಮೆಸೇಜು: ಗೈಡ್ ಮಕ್ಕಳಿಗೆ ಸಿಕ್ತಾ? ಇನ್ನೂ ಉತ್ತರ ಬರೆದಿಲ್ಲ.

ಮಾರ್ಚ್ 28. ಮಧ್ಯಾಹ್ನ 2

ಮೇಘ ಪರೀಕ್ಷೆ ಮುಗಿಸಿ ನೇರ ನಮ್ಮ ಮನೆಗೇ ಬಂದಳು. ಪ್ರಶ್ನೆಪತ್ರಿಕೆ ಬೆವರಿನಲ್ಲಿ ಮುದುಡಿತ್ತು. ಹೊಸ ಪದ್ಯದ ಸಾರಾಂಶಕ್ಕೆ ಪೆನ್ಸಿಲ್‌ನಲ್ಲಿ ಗುರುತು.

"ಇದೊಂದ್ನ ಬುಟ್ಬುಟ್ಟಿ, ಅಕ್ಕ. ಒಂದ್ ಸಾಲೂ ಬರ್ನಿಲ್ಲ. ಸಾರ್ ಕೊಟ್ಟಿದ್ರಲ್ಲಿ ಈ ಪದ್ಯನೇ ಇರ್ನಿಲ್ಲ."

ಮೇಜಿನ ಮೇಲೆ ಅವ್ವನ ಸೀರೆ ಒಣಗಿ ಬಂದು ಬಿದ್ದಿತ್ತು. ಅದರಡಿಯಲ್ಲಿ ಪ್ರಿಂಟು.

"ನಿಮ್ದು ಎಂಗಿದ್ರೂ ಕೆಟ್ಟೋಯ್ತು ಅಂತ ಮನೋಹರಣ್ಣ ಏಳ್ತು, ಅದ್ಕೇ ನಾ ಕೇಳಕ್ ಬರ್ನಿಲ್ಲ. ನಿಮ್ಗ ಬೇಜಾರಾದಾತು ಅಂತ. ಇದ್ದಿದ್ರ ಅದ್ರಲ್ಲಿ ಇದು ಇರ್ತಿತ್ತಾ, ಅಕ್ಕ?"

ಇರುತ್ತಿರಲಿಲ್ಲ ಎಂದೆ. ಅವಳಿಗೆ ಸಮಾಧಾನವಾಯಿತು. ಬೆಲ್ಲ ಹಾಕಿದ ಕಾಫಿ ಕುಡಿದು ಹೋದಳು.

ತೊಂಬತ್ತೊಂದನೇ ಪುಟದಲ್ಲಿ ಅದೇ ಪದ್ಯದ ಸಾರಾಂಶ. ಸುಲಭವಾಗಲಿ ಎಂದು ಮೂರು ಸಲ ಬರೆದು ಹೊಡೆದುಹಾಕಿ, ಕೊನೆಗೆ ಮೇಘ ಮಾತಾಡುವ ಹಾಗೇ ಬರೆದಿದ್ದೆ.